ಬಾವಿಯಲ್ಲಿ ಒಂದೂ ಮರಿ ಇರಲಿಲ್ಲ

ನಾನು ನಿಂತಿದ್ದದ್ದು ಬಾವಿಯ ಒಳಗೆ, ಪೂರ್ವದ ಗೋಡೆಗೆ ಬೆನ್ನು ಹಚ್ಚಿ, ನೀರಿನ ಅಂಚಿನಿಂದ ಮೇಲಕ್ಕೆ ನಾಲ್ಕನೆಯ ಮೆಟ್ಟಿಲ ಮೇಲೆ. ಎಪ್ಪತ್ತೈದನೆಯ ಇಸವಿ, ಯುಗಾದಿ ಕಳೆದ ಮೇಲಿನ ಎರಡನೆಯ ಸೋಮವಾರ, ಮುಂಜಾನೆ. ಬಿಸಿಲು ಪಶ್ಚಿಮದ ಗೋಡೆಯ ಅರ್ಧದವರೆಗೆ ಇಳಿದಿತ್ತು, ನೀರನ್ನು ಇನ್ನೂ ಮುಟ್ಟಿರಲಿಲ್ಲ. ಬಾವಿ ಬಸವನ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಯದು. ಹೂವಿನ ಹಿಪ್ಪರಗಿಯಲ್ಲಿ ಬಸ್ಸಿಳಿದು ಗಾಡಿದಾರಿ ಹಿಡಿದು ಹೋಗಬೇಕು. ಹಳ್ಳಿಯ ಹೆಸರು ಬರೆಯುವುದಿಲ್ಲ. ಅಂದು ಬಾವಿಯ ಕಟ್ಟೆಯ ಮೇಲೆ ನಿಂತಿದ್ದವರ ಮಕ್ಕಳು ಈಗಲೂ ಅಲ್ಲಿದ್ದಾರೆ.

ನನ್ನ ಬಲಗೈಯಲ್ಲಿ ಕೋಲಿಗೆ ಕಟ್ಟಿದ ರೇಷ್ಮೆ ಬಟ್ಟೆಯ ಸಣ್ಣ ಬಲೆ, ಎಡಗೈಯಲ್ಲಿ ಅಗಲ ಬಾಯಿಯ ಗಾಜಿನ ಬಾಟಲಿ. ಎದುರಿನ ಮೆಟ್ಟಿಲುಗಳಲ್ಲಿ ಒಬ್ಬ ರೈತ ತನ್ನ ಹೆಂಡತಿಯನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು ಇಳಿಯುತ್ತಿದ್ದ. ಅವಳ ಬಲಗಾಲಿಗೆ ಮೊಣಕಾಲಿನ ಕೆಳಗಿನಿಂದ ಬೆರಳುಗಳವರೆಗೆ ಸಗಣಿ ಮತ್ತು ಮಣ್ಣು ಮೆತ್ತಿ ಒಣಗಿಸಿದ್ದರು. ಅದು ಕಾಲಿನ ಹಾಗೆ ಕಾಣುತ್ತಿರಲಿಲ್ಲ, ಹುತ್ತದ ತುಂಡಿನ ಹಾಗೆ ಕಾಣುತ್ತಿತ್ತು. ಮೇಲೆ ಊರವರು ಸುತ್ತ ನಿಂತಿದ್ದರು. ಅವಳ ಮುಖವನ್ನಾಗಲಿ ಕಾಲನ್ನಾಗಲಿ ಹೆಚ್ಚು ಹೊತ್ತು ಯಾರೂ ನೋಡಲಿಲ್ಲ. ಎಲ್ಲರೂ ನೀರನ್ನು ನೋಡುತ್ತಿದ್ದರು. ನೀರಿನ ಬಗ್ಗೆ ಹೇಳಬೇಕಾದವನು ನಾನು.

ಇಷ್ಟನ್ನು ಮೊದಲು ಬರೆದಿಡಬೇಕೆನಿಸಿತು. ಇದರ ಹಿಂದಿನದನ್ನು ಈಗ ಹೇಳುತ್ತೇನೆ.

ನಾನು ಆಗ ಧಾರವಾಡದಲ್ಲಿ ಪ್ರಾಣಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ನನ್ನ ವಿಷಯ ಮೆಟ್ಟಿಲು ಬಾವಿಗಳ ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿ. ಬರಿಗಣ್ಣಿಗೆ ಅದು ನೀರಿನಲ್ಲಿ ತಡೆದು ತಡೆದು ಜಿಗಿಯುವ ಬಿಳಿ ಚುಕ್ಕೆ, ಅಷ್ಟೆ. ನಾರುಹುಣ್ಣು ಹಬ್ಬುವುದು ಇದರ ಮೂಲಕ. ಹುಣ್ಣಿದ್ದವರು ನೀರಿಗೆ ಕಾಲಿಟ್ಟರೆ ಹುಣ್ಣಿನೊಳಗಿನ ನಾರುಹುಳ ತನ್ನ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಆ ಮರಿಗಳನ್ನು ತಿನ್ನುತ್ತದೆ. ಆ ನೀರನ್ನು ಸೋಸದೆ ಕುಡಿದವರ ಮೈಯಲ್ಲಿ ಮರಿ ಬೆಳೆದು, ಸುಮಾರು ಒಂದು ವರ್ಷದ ಮೇಲೆ, ಮೊಳಕ್ಕಿಂತ ಉದ್ದದ ಬಿಳಿ ದಾರವಾಗಿ ಕಾಲಿನ ಚರ್ಮ ಒಡೆದು ಹೊರಗೆ ತಲೆ ಹಾಕುತ್ತದೆ. ಆಗಿನ ಉರಿ ಕೆಂಡ ಇಟ್ಟಂತಿರುತ್ತದಂತೆ. ಉರಿ ತಾಳದೆ ಜನ ಕಾಲನ್ನು ತಣ್ಣೀರಿನಲ್ಲಿ ಅದ್ದುತ್ತಾರೆ. ಹುಳಕ್ಕೆ ಬೇಕಾದದ್ದೂ ಅದೇ. ಹೊರಬಂದ ತುದಿಯನ್ನು ಕಡ್ಡಿಯೊಂದಕ್ಕೆ ಸುತ್ತಿ ದಿನಕ್ಕೆ ಒಂದು ಬೆರಳಗಲ ಎಳೆಯುತ್ತ ಹೋಗಬೇಕು. ಅವಸರ ಮಾಡಿದರೆ ಒಳಗೇ ಹರಿದು, ಕಾಲು ಬಾತು, ಕೀವು ತುಂಬುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಬಾವಿಗಳಿಗೂ ನಾನು ತಿರುಗುತ್ತಿದ್ದೆ. ನೀರಿನ ಬಾಟಲಿಗಳನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಇಟ್ಟುಕೊಂಡು ಬಸ್ಸು ಹತ್ತಿದರೆ ಕಂಡಕ್ಟರರು ಸುಮ್ಮನೆ ಬಿಡುತ್ತಿರಲಿಲ್ಲ. ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮುಚ್ಚಳ ತೆಗೆಸಿ ಮೂಸಿ ನೋಡಿ, "ಇಷ್ಟ ದೂರ ನೀರs ಹೊತ್ಕೊಂಡ ಹೊಂಟೀರೇನ್ರಿ? ಧಾರವಾಡದಾಗ ಮಳಿ ಆಗಲಿಲ್ಲೇನು?" ಎಂದಿದ್ದ. ಬಸ್ಸೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ.

ಆದರೆ ಹೆಚ್ಚು ದಿನ ಇರುತ್ತಿದ್ದದ್ದು ಈ ಹಳ್ಳಿಯಲ್ಲಿ. ಊರಿಗೆ ಕುಡಿಯುವ ನೀರಿನ ಬಾವಿ ಒಂದೇ, ಹುಣ್ಣಿನವರು ಬಹಳ. ಒಂದು ಮನೆಯ ಪಡಸಾಲೆಯ ಪಕ್ಕದ ಕೋಣೆಯಲ್ಲಿ ನನ್ನ ಮೈಕ್ರೋಸ್ಕೋಪು ಇಟ್ಟುಕೊಂಡಿದ್ದೆ. ಮನೆಯ ಹಿರಿಯ ಹೆಂಗಸನ್ನು ಊರವರೆಲ್ಲ ಕರೆಯುವಂತೆ ನಾನೂ ಆಯಿ ಎನ್ನುತ್ತಿದ್ದೆ. ಮನೆಯಲ್ಲಿ ಅವಳು, ಅವಳ ಒಬ್ಬನೇ ಮಗ, ಸೊಸೆ, ಓಡಾಡುವ ಒಬ್ಬ ಮೊಮ್ಮಗ, ಮತ್ತು ಆ ಬೇಸಿಗೆಗೆ ಹುಟ್ಟಿದ ಹೆಣ್ಣು ಕೂಸು. ಆಯಿಯ ಮೊಣಕಾಲು ಮಡಚುತ್ತಿರಲಿಲ್ಲ. ಬಾವಿಯ ಮೆಟ್ಟಿಲು ಇಳಿಯುವುದನ್ನು ಬಿಟ್ಟು ವರ್ಷಗಳಾಗಿದ್ದವು. ಸೊಸೆಯ ಬಾಣಂತನದಲ್ಲಿ ಆ ಮನೆಗೆ ನೀರು ತರುತ್ತಿದ್ದವಳು ಪಕ್ಕದ ಮನೆಯಾಕೆ. ಅವಳನ್ನು ಎಲ್ಲರೂ ಚಿಗವ್ವ ಎನ್ನುತ್ತಿದ್ದರು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ.

"ತಮ್ಮಾ, ನಿನಗ ಹೆಣ್ಣ ಕೊಡಾಕ ಬಂದಾವ್ರು ಏನ್ ಕೆಲಸ ಮಾಡ್ತೀಪಾ ಅಂತ ಕೇಳಿದ್ರ ಏನ್ ಹೇಳ್ತಿ?" ಎಂದು ಒಮ್ಮೆ ನನ್ನನ್ನು ಕೇಳಿದಳು. "ಹುಳಾ ಎಣಸ್ತೇನಿ ಅಂತೀಯೇನು?"

ಸೊಸೆ ಒಳಗಿನಿಂದಲೇ ಹೇಳಿದಳು: "ಎಣಸಿ ಎಣಸಿ ನಾಳೆ ನಮ್ಮ ಮನೀವೂ ಎಷ್ಟಂತ ಹೇಳ್ತಾರ ಬಿಡಬೇ ಚಿಗವ್ವಾ."

ಈ ಸೊಸೆಯೇ ಒಂದು ದಿನ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು, ನಿಮ್ಮ ಹುಳ ತೋರಿಸ್ರಿ ಎಂದಳು. ನಾನು ಕನ್ನಡಿ ಸರಿಮಾಡಿ ಜಾಗ ಬಿಟ್ಟೆ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡುವುದು ಅವಳಿಗೆ ಸ್ವಲ್ಪ ಹೊತ್ತು ಆಗಲಿಲ್ಲ. ಆಮೇಲೆ ಕಂಡಿತು. ಹೆಣ್ಣು ಸೈಕ್ಲಾಪ್ಸಿಗೆ ತಲೆಯ ನಡುವೆ ಒಂದೇ ಕೆಂಪು ಕಣ್ಣು. ಬಾಲದ ಎರಡೂ ಪಕ್ಕಕ್ಕೆ ಎರಡು ಮೊಟ್ಟೆಯ ಚೀಲ.

"ಒಕ್ಕಣ್ಣಿ ಅದಾಳ ಅಣ್ಣಾರ. ನನ್ನs ನೋಡಾಕತ್ತಾಳ," ಎಂದಳು. ಮತ್ತೆ ನೋಡಿ, "ಪಾಪ, ಇಕಿಗೂ ಎರಡು ಅದಾವು. ಎರಡೂ ಬಗಲಾಗ ಹೊತ್ಕೊಂಡs ತಿರಗತಾಳ," ಎಂದಳು.

ಅವಳ ಬಲಗಾಲಿನ ಹರಡಿನ, ಅಂದರೆ ಪಾದದ ಗಂಟಿನ, ಮೇಲೆ ಆಗಲೇ ಗುಳ್ಳೆ ಎದ್ದಿತ್ತು. ಮುಂದೆ ನಾಲ್ಕಾರು ದಿನದಲ್ಲಿ ಒಡೆದು ನಾರು ತುದಿ ತೋರಿಸಿತು. ಆಯಿ ತೊಗರಿ ಕಟ್ಟಿಗೆಯ ಸಣ್ಣ ಕಡ್ಡಿಗೆ ಅದನ್ನು ಸುತ್ತಿ, ಎಕ್ಕೆಯ ಎಲೆ ಕಾಯಿಸಿ ಕಟ್ಟಿದಳು.

ಇಲ್ಲಿ ಎರಡು ಕಟ್ಟಳೆಗಳನ್ನು ಹೇಳಬೇಕು. ಅವುಗಳ ನಡುವೆಯೇ ಎಲ್ಲ ನಡೆದದ್ದು.

ಒಂದು ಹಳೆಯದು. ಬಾಣಂತಿಯಾದವಳು ಗಂಗೆಪೂಜೆ ಆಗುವತನಕ ಮನೆಯ ನೀರಿನ ಕೊಡ ಮುಟ್ಟುವಂತಿಲ್ಲ. ತಾನೇ ಬಾವಿಗೆ ಇಳಿದು, ನೀರಿನ ಅಂಚಿನಲ್ಲಿ ಐದು ಕಲ್ಲು ತೊಳೆದಿಟ್ಟು, ಅರಿಸಿನ ಕುಂಕುಮ ಹಚ್ಚಿ, ತನ್ನ ಕೈಯಿಂದ ಮೊದಲ ಕೊಡ ತುಂಬಿ ತರಬೇಕು. ಮತ್ತೊಂದು ಹೊಸದು. ಶಿವರಾತ್ರಿಯ ಮೊದಲು ಆರೋಗ್ಯ ಇಲಾಖೆಯವರು ಜೀಪಿನಲ್ಲಿ ಬಂದು, ನಾರುಹುಣ್ಣಿದ್ದವರ ಕಾಲು ಬಾವಿಯ ನೀರಿಗೆ ತಾಕಬಾರದು ಎಂದು ಸಾರಿ ಹೋಗಿದ್ದರು. ಅವರು ಹೇಳಿದ್ದು ಸರಿ. ಊರ ಗೌಡರು ಅದನ್ನು ಇನ್ನೂ ಬಿಗಿ ಮಾಡಿದರು: ಯಾವ ಮನೆಯವರ ಹುಣ್ಣಿನ ಕಾಲು ನೀರಿಗೆ ತಾಕುತ್ತದೋ ಆ ಮನೆಗೆ ಮಳೆಗಾಲದವರೆಗೆ ಬಾವಿ ಬಂದ್. ಬೇರೆ ಕುಡಿಯುವ ನೀರು ಬೇಕೆಂದರೆ ಗಾಡಿ ಕಟ್ಟಿ ಹಿಪ್ಪರಗಿಗೆ ಹೋಗಬೇಕು.

ಜನ ಇದನ್ನು ಪಾಲಿಸಿದರು. ನನ್ನ ಬಾಟಲಿಗಳಲ್ಲಿ ಅದು ಕಾಣುತ್ತಿತ್ತು. ನೀರಿಗೆ ಬಿದ್ದ ಮರಿ, ಸೈಕ್ಲಾಪ್ಸಿನ ಹೊಟ್ಟೆ ಸೇರದಿದ್ದರೆ, ಕೆಲವೇ ದಿನ ಬದುಕುತ್ತದೆ. ಆದ್ದರಿಂದ ನೀರಿನಲ್ಲಿ ಬಿಡಿ ಮರಿ ಸಿಕ್ಕರೆ ಯಾರೋ ಈಚೆಗೆ ಕಾಲಿಟ್ಟಿದ್ದಾರೆ ಎಂದೇ ಅರ್ಥ. ಹೋಳಿಯ ಹೊತ್ತಿಗೆ ಬಿಡಿ ಮರಿಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಾಗಿದ್ದವು. ಇದನ್ನು ಗೌಡರಿಗೆ ಹೇಳಿದ್ದೆ. ಅವರು ತಮ್ಮ ಮನೆಯ ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿದರು. ಅಂದಿನಿಂದ ನಾನು ಊರಿಗೆ ಹುಳದ ಮಾಸ್ತರನಾದೆ.

ಆಗ ಚಿಗವ್ವನ ಮಗಳ ಹೆರಿಗೆ ಸಮೀಪಿಸಿತು. ಮಗಳನ್ನು ಕೊಟ್ಟದ್ದು ಸಿಂದಗಿಗೆ. ಅಲ್ಲಿ ಅತ್ತೆ ಇಲ್ಲದ ಮನೆ, ತಾಯಿಯೇ ಹೋಗಬೇಕು. ಬರುವ ಗುರುವಾರ ಹೊರಡುತ್ತೇನೆ ಎಂದಳು. ಅವಳು ಹೋದರೆ ಆಯಿಯ ಮನೆಗೆ ನೀರಿಲ್ಲ. ಮಗ ಕೊಡ ಹೊರುತ್ತೇನೆಂದ. ಆಯಿ, "ನೀ ಕ್ವಾಡಾ ಹೊತ್ತರ ಮಂದಿ ನನ್ನ ಸೊಸಿ ಸತ್ತಾಳಂತ ತಿಳಕೊಂತಾರ," ಎಂದಳು. ಅವಳು ತಮಾಷೆಗೇ ಅಂದದ್ದು. ಸೊಸೆ ನಕ್ಕಳು. ನಾನು ಅಲ್ಲಿದ್ದೆ.

ಗಂಗೆಪೂಜೆ ಮಾಡಲೇಬೇಕು, ಕಾಲು ನೀರಿಗೆ ತಾಕಬಾರದು. ಆಯಿ ಕೋಲೂರಿಕೊಂಡು ಗೌಡರ ಕಟ್ಟೆಗೆ ಹೋದಳು. ನಾನೂ ಜೊತೆಗೆ ಹೋದೆ.

"ಗೌಡ್ರ, ಕಾಲ ನೀರಿಗೆ ತಾಕಬಾರದು. ಅಷ್ಟs ಹೌದಲ್ಲ? ಮಂದಿ ಇಳೀಬಾರದು ಅಂತೇನಿಲ್ಲಲ್ಲ?"

"ಇಳದ ಮ್ಯಾಲ ತಾಕದs ಇರತೈತೇನವಾ? ಬಗ್ಗಿ ಕ್ವಾಡಾ ತುಂಬುವಾಗ ಒಂದ ಹನಿ ಸಿಡೀಲಿಲ್ಲ ಅಂತ ಯಾರ್ ಹೇಳಾವ್ರು?"

"ಸಿಡೀಲಿ. ಒಳಗ ಹೋಗಲಾರದಂಗ ಮಾಡತೇನಿ. ಈ ಊರಾಗ ಯಾರ ಹಗೇವಿಗರೆ ನೀರ ಹೋಗೈತೇನು, ನಾ ಬಾಯಿ ಮುಚ್ಚಿದ್ದಕ್ಕ?"

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿಗೆ ಬಂಡೆ ಇಟ್ಟು, ಸಂದಿಗೆ ಸಗಣಿ ಕಲೆಸಿದ ಮಣ್ಣು ಮೆತ್ತಿ ಮುಚ್ಚುತ್ತಾರೆ. ಆಯಿ ಮುಚ್ಚಿದ ಹಗೇವಿನ ಜೋಳ ಮುಗ್ಗುವುದಿಲ್ಲವೆಂದು ಆ ಊರಲ್ಲಿ ಹೆಸರಿತ್ತು. ಹೊಲ ಮನೆ ಇದ್ದವರು ಅವಳನ್ನು ಕರೆದೊಯ್ದು ಮುಚ್ಚಿಸುತ್ತಿದ್ದರು. ಗೌಡರ ಹಗೇವನ್ನೂ ಅವಳೇ ಮುಚ್ಚುತ್ತಿದ್ದಳು. ಗೌಡರು ನನ್ನ ಕಡೆ ತಿರುಗಿ, "ಮಾಸ್ತರ ನಿಂತ ನೋಡಲಿ. ನೀರ ತಗದ ತಮ್ಮ ಮಿಷನ್ನಿನ್ಯಾಗ ಹಾಕಲಿ. ಹುಳದ ಮರಿ ಇಲ್ಲಂದ್ರ ಇಲ್ಲ. ಐತಿ ಅಂದ್ರ ಮಳಿಗಾಲದ ತನಕ ನಿಮ್ಮ ಮನಿಗೆ ಬಾಂವಿ ಇಲ್ಲ," ಎಂದರು.

ಇದು ನ್ಯಾಯವೆಂದು ಅಲ್ಲಿದ್ದವರಿಗೆಲ್ಲ ಅನಿಸಿತು.

ಕಾಲಿಗೆ ಮೆತ್ತುವುದನ್ನು ನಾನು ನೋಡಲಿಲ್ಲ. ರವಿವಾರ ನಾನು ಮುದ್ದೇಬಿಹಾಳದ ಕಡೆ ಹೋಗಿದ್ದೆ. ನೋಡಿದವಳು ಚಿಗವ್ವ, ಅವಳು ಹೇಳಿದಂತೆ ಬರೆಯುತ್ತೇನೆ. ಆಯಿ ಹಿತ್ತಲಲ್ಲಿ ಆಗಷ್ಟೇ ಬಿದ್ದ ಸಗಣಿ ತಂದಳು, ಹಳೆಯದು ಬಿರಿಯುತ್ತದೆ ಎಂದು. ಜರಡಿ ಹಿಡಿದ ಮಣ್ಣು, ಒಲೆಯ ಬೂದಿ ಸೇರಿಸಿ ಹದ ನೋಡಿದಳು. ಕಡ್ಡಿ ಸಮೇತ ನಾರನ್ನು ಹರಡಿಗೆ ಒತ್ತಿ, ಎಲೆ ಇಟ್ಟು, ಹಳೆಯ ಸೀರೆಯ ಪಟ್ಟಿ ಸುತ್ತಿ, ಅದರ ಮೇಲೆ ಮೆತ್ತಿದಳು. ಪಟ್ಟಿಯ ಸಂದಿಯಲ್ಲೆಲ್ಲ ಬೆರಳಿಂದ ಒತ್ತಿ ತುಂಬಿದಳು. ಸೊಸೆ ಅಂಗಳದಲ್ಲಿ ಕಾಲು ಚಾಚಿ ಬಿಸಿಲಿಗೆ ಒಣಗಿಸುತ್ತ ಕೂತಿದ್ದಳಂತೆ. ಒಳಗೆ ಹೇಗಿದೆ ಎಂದು ಚಿಗವ್ವ ಕೇಳಿದ್ದಕ್ಕೆ, "ತಣ್ಣಗೈತಿಬೇ. ಇಷ್ಟ ದಿನದಾಗ ಇವತ್ತs ತಣ್ಣಗಾತು," ಎಂದಳಂತೆ.

ಮತ್ತೆ ಸೋಮವಾರಕ್ಕೆ ಬರುತ್ತೇನೆ.

ಅವಳ ಗಂಡ ಕೊನೆಯ ಒಣ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿ, ತಾನು ನೀರಿನಲ್ಲಿ ಮೊಣಕಾಲ ಮಟ ಇಳಿದು, ಅವಳ ಬಲಗಾಲನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡ. ಅವನಿಗೆ ಹುಣ್ಣಿರಲಿಲ್ಲ. ಒಬ್ಬ ಗಂಡಸು ಹೆಂಡತಿಯ ಕಾಲನ್ನು ಹೆಗಲ ಮೇಲೆ ಹೊತ್ತು ನಿಂತದ್ದಕ್ಕೆ ಮೇಲಿನಿಂದ ಯಾರೋ ಏನೋ ಅಂದರು, ಕೆಲವರು ನಕ್ಕರು. ಅವನು ತಲೆ ಎತ್ತಲಿಲ್ಲ. ಅವಳು ಪಕ್ಕಕ್ಕೆ ಬಾಗಿ ಐದು ಕಲ್ಲುಗಳನ್ನು ತೊಳೆದು ಸಾಲಾಗಿ ಇಟ್ಟಳು. ಅರಿಸಿನ, ಕುಂಕುಮ, ಒಂದೊಂದು ಎಸಳು ಹೂ. ಮೇಲೆ, ಮೊದಲ ಮೆಟ್ಟಿಲ ಹತ್ತಿರ, ಚಿಗವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಆಯಿ ಅವಳ ಪಕ್ಕದಲ್ಲಿ. ಸೊಸೆ ಹಿತ್ತಾಳೆಯ ಕೊಡವನ್ನು ಓರೆ ಮಾಡಿ ನೀರಿಗೆ ಒತ್ತಿದಳು. ಕೊಡ ತುಂಬುವ ಸದ್ದು ಬಾವಿಯ ಗೋಡೆಗಳಿಗೆ ಬಡಿದು ದೊಡ್ಡದಾಗಿ ಕೇಳಿಸಿತು. ಅವಳು ಕೊಡವನ್ನು ಎಳೆದು ತನ್ನ ಮಡಿಲಿಗೆ ಇಟ್ಟುಕೊಂಡಳು. ಮಣ್ಣಿನ ಮೇಲೆ ಹನಿ ಸಿಡಿದಿದ್ದವು, ಗುರುತು ಕಾಣುತ್ತಿತ್ತು. ಮಣ್ಣು ಎಲ್ಲಿಯೂ ಬಿರಿದಿರಲಿಲ್ಲ. ಕಾಲು ನೀರಿಗೆ ತಾಕಲಿಲ್ಲ.

ನಾನು ಇಳಿದು ಅವಳು ಕೊಡ ಅದ್ದಿದ ಜಾಗದಲ್ಲಿ ಬಲೆ ಎಳೆದೆ. ಬಾಟಲಿ ತುಂಬಿಕೊಂಡು ಕೋಣೆಗೆ ಬಂದೆ. ಗೌಡರೂ ಇನ್ನಿಬ್ಬರೂ ನನ್ನ ಬೆನ್ನ ಹಿಂದೆ ನಿಂತರು. ನಾನು ಹನಿ ಹನಿಯಾಗಿ ನೋಡಿದೆ. ಅವಸರ ಮಾಡಲಿಲ್ಲ. ಸೈಕ್ಲಾಪ್ಸ್ ಇದ್ದವು. ಬಾಲ ಸುರುಳಿ ಮಾಡಿ ಒದ್ದಾಡುವ ಮರಿ ಒಂದೂ ಇರಲಿಲ್ಲ. ನೋಡಿದ ನೀರನ್ನೇ ಮತ್ತೊಮ್ಮೆ ನೋಡಿದೆ.

"ಒಂದೂ ಇಲ್ಲ ರಿ ಗೌಡ್ರ."

ಹೊರಗೆ ಆಯಿ ಗುಗ್ಗರಿ ಹಂಚತೊಡಗಿದಳು. ಅಲ್ಲಿಯವರೆಗೆ ಬಾವಿಯ ಹತ್ತಿರವೇ ಕಾದಿದ್ದ ಸೊಸೆ ಹೊಸ್ತಿಲ ಹತ್ತಿರ ಗಂಡನ ತೋಳಿನಿಂದ ಇಳಿದು, ಕೊಡವನ್ನು ತಲೆಯ ಮೇಲಿಟ್ಟುಕೊಂಡು, ಎಡಗಾಲಿನ ಮೇಲೆ ಕುಂಟುತ್ತ ಒಳಗೆ ಹೋದಳು. ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಣ್ಣಾರ, ನಿಮ್ಮ ಒಕ್ಕಣ್ಣಿ ನನ್ನ ಪಾಸ್ ಮಾಡಿದ್ಲೇನು?" ಎಂದಳು.

ಮಾಡಿದಳು ಎಂದೆ. ಅವಳು ನಕ್ಕಳು. ಅಂದೇ ಮಧ್ಯಾಹ್ನ ನಾನು ಧಾರವಾಡಕ್ಕೆ ಹೊರಟೆ. ನನ್ನ ಗೈಡರು ಆ ನೀರನ್ನು ತಾವೂ ನೋಡಿದರು. ಹುಣ್ಣಿದ್ದವಳು ಬಾವಿಯೊಳಗೆ ಇಳಿದು ಹತ್ತಿದ ಮೇಲೂ ನೀರಿನಲ್ಲಿ ಮರಿ ಇಲ್ಲದ್ದು ಅವರಿಗೆ ಬಹಳ ಸೇರಿತು. ಥೀಸಿಸ್ಸಿನಲ್ಲಿ ಇದಕ್ಕೆ ಬೇರೆಯೇ ಒಂದು ಭಾಗ ಕೊಡು ಎಂದರು.

ನಾನು ಹಳ್ಳಿಗೆ ಮರಳಿದ್ದು ಮುಂದಿನ ವಾರದ ಬುಧವಾರ. ಚಿಗವ್ವ ಸಿಂದಗಿಗೆ ಹೋಗಿಯಾಗಿತ್ತು. ಆಯಿ ಬಾಗಿಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೂಸು ಅಳುತ್ತಿತ್ತು.

"ತಮ್ಮಾ, ಹುಡಿಗಿ ಬಾಯಿ ತಗೀವಲ್ಳು," ಎಂದಳು. "ನಿನ್ನಿ ಮುಂಜಾನಿಂದ ಒಂದ ತುತ್ತು ಒಳಗ ಹೋಗಿಲ್ಲ. ಬಾಣಂತಿ ಸನ್ನಿ ಅಂತಾರ ಮಂದಿ. ನೀ ಓದಿದಾಂವ, ಒಮ್ಮಿ ನೋಡಪಾ."

ನಾನು ವೈದ್ಯನಲ್ಲ. ಒಳಕೋಣೆಯ ಬಾಗಿಲು ತಳ್ಳಿದೆ. ಹೊರಗಿನ ಬೆಳಕು ಅವಳ ಮೇಲೆ ಬಿತ್ತು. ಮೊದಲು ಅವಳು ನಗುತ್ತಿದ್ದಾಳೆ ಅಂದುಕೊಂಡೆ. ತುಟಿ ಎರಡೂ ಕಡೆಗೆ ಎಳೆದು ಹಲ್ಲು ಕಾಣುತ್ತಿದ್ದವು. ಅದು ನಗುವಲ್ಲ. ಬೆಳಕು ಬಿದ್ದ ಕೂಡಲೆ ಅವಳ ಬೆನ್ನು ನೆಲ ಬಿಟ್ಟು ಎದ್ದಿತು. ಹಿಮ್ಮಡಿ ಮತ್ತು ತಲೆ ಮಾತ್ರ ಚಾಪೆಯ ಮೇಲಿದ್ದವು. ಕಣ್ಣು ಎಲ್ಲವನ್ನೂ ನೋಡುತ್ತಿದ್ದವು. ಕಾಲಿನ ಮೇಲಿನ ಮಣ್ಣು ಹಾಗೇ ಇತ್ತು. ದಿನಾಲು ಅದೇ ಕಾಲಿನಿಂದ ಕುಂಟುತ್ತ ನೀರು ತಂದಿದ್ದಳು. ಬಿರಿದ ಕಡೆ ಆಯಿ ಮತ್ತೆ ಮತ್ತೆ ಹಸಿ ಸಗಣಿ ಸವರಿದ್ದಳು.

ಧನುರ್ವಾಯು. ಪುಸ್ತಕದಲ್ಲಿ ಓದಿದ್ದೆ, ನೋಡಿರಲಿಲ್ಲ. ಸಗಣಿ ಮಣ್ಣಿನಲ್ಲಿ ಅದರ ಬೀಜ ಇರುತ್ತದೆ, ಗಾಳಿಯಾಡದ ಗಾಯದಲ್ಲಿ ಬೆಳೆಯುತ್ತದೆ.

ಗಂಡ ಗಾಡಿ ಕಟ್ಟಿದ. ಹಿಪ್ಪರಗಿಯವರೆಗೆ ಗಾಡಿ, ಅಲ್ಲಿಂದ ಜೋಳದ ಚೀಲ ಹೇರಿಕೊಂಡು ಬಿಜಾಪುರಕ್ಕೆ ಹೊರಟಿದ್ದ ಒಂದು ಲಾರಿ. ಚೀಲಗಳ ಮೇಲೆ ಅವಳನ್ನು ಮಲಗಿಸಿ ಮೇಲೆ ಕಂಬಳಿ ಹಿಡಿದುಕೊಂಡೆವು. ಲಾರಿ ಹಾರಿದಾಗಲೆಲ್ಲ ಅವಳ ಮೈ ಬಿಲ್ಲಾಗುತ್ತಿತ್ತು. ಒಮ್ಮೆ ಡ್ರೈವರ್ ಹಾರ್ನ್ ಹೊಡೆದ. ಅದರ ನಂತರ ಅವನ ಪಕ್ಕ ಕೂತಿದ್ದ ಕ್ಲೀನರ್ ಕಿಟಕಿಯಿಂದ ಮೈ ಹೊರಗೆ ಹಾಕಿ, ಎದುರು ಬಂದ ಗಾಡಿಗಳಿಗೆ ಕೈಯಲ್ಲೇ ದಾರಿ ಕೇಳಿದ. ಹಾರ್ನ್ ಬೇಡವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ದವಾಖಾನೆಯಲ್ಲಿ ಮಣ್ಣನ್ನು ಒಡೆದು ತೆಗೆದರು. ಒಳಗೆ ಎಲೆ ಕೊಳೆತು ಕರಗಿತ್ತು. ಕಡ್ಡಿ ಇತ್ತು, ಅದರ ಮೇಲೆ ಎರಡು ಸುತ್ತು ನಾರು. ಉಳಿದದ್ದು ಒಳಗೇ ಹರಿದಿತ್ತು. ಇದನ್ನು ಯಾರು ಕಟ್ಟಿದರು ಎಂದು ಡಾಕ್ಟರು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ನಮ್ಮವ್ವ ರಿ," ಎಂದ ಗಂಡ. "ಒಳಗ ನೀರ ಹೋಗಬಾರದಂತ."

"ನೀರು ಹೋಗಿಲ್ಲ," ಎಂದರು ಡಾಕ್ಟರು.

ಅವಳನ್ನು ಕತ್ತಲೆಯ ಒಂದು ಕೋಣೆಯಲ್ಲಿ ಇಟ್ಟು, ಬಾಗಿಲಿಗೆ ಗೋಣಿಚೀಲ ಕಟ್ಟಿ, ಸದ್ದಾಗದಂತೆ ನೋಡಿಕೊಂಡರು. ಇದ್ದ ಔಷಧ ಕೊಟ್ಟರು. ಶನಿವಾರ ಮಧ್ಯಾಹ್ನ ಅವಳು ತೀರಿಕೊಂಡಳು. ಗಂಡ ಹೊರಗೆ ನಲ್ಲಿಯ ಹತ್ತಿರ ಮುಖ ತೊಳೆಯಲು ಹೋಗಿದ್ದ. ನಾನು ಬಾಗಿಲ ಹೊರಗೆ ಇದ್ದೆ. ಸಾಯುವ ಗಳಿಗೆಯಲ್ಲಿ ಅವಳ ಹತ್ತಿರ ಯಾರಿದ್ದರು ಎಂದು ನನಗೆ ತಿಳಿಯದು.

ಮಣ್ಣು ಮಾಡಿ ಬಂದ ಮೇಲೆ ಗೌಡರು ನನ್ನನ್ನು ಬದಿಗೆ ಕರೆದು, ಸತ್ತವಳು ಕೊಡ ತುಂಬಿದ ಬಾವಿಯ ನೀರನ್ನು ಜನ ಕುಡಿಯಬಹುದೇ ಎಂದು ಕೇಳಿದರು. ಕುಡಿಯಬಹುದು, ಸೋಸಿ ಕುಡಿಯಿರಿ ಎಂದೆ. ಆಯಿ ಕೇಳಿಸಿಕೊಂಡಳು. ಅವಳು ನನ್ನನ್ನು ಕೇಳಿದ್ದು ಬೇರೆ.

"ತಮ್ಮಾ, ಹಗೇವಿನ್ಯಾಗಿನ ಜ್ವಾಳಾ ಕೆಡೂದಿಲ್ಲಲ್ಲ. ಮತ್ತ ಇಕಿ ಯಾಕ ಕೆಟ್ಲು?"

ಜೋಳಕ್ಕೆ ಜೀವವಿಲ್ಲ ಎಂದೇನೋ ಹೇಳಲು ಬಾಯಿ ತೆರೆದೆ. ಅದು ನಿಜವೂ ಅಲ್ಲ. ಅದೇ ಜೋಳವನ್ನು ಮುಂಗಾರಿಯಲ್ಲಿ ಬಿತ್ತಿದರೆ ಮೊಳೆಯುತ್ತದೆ. ಆ ವರ್ಷ ಯಾರ ಹಗೇವು ಮುಚ್ಚಲೂ ಅವಳು ಹೋಗಲಿಲ್ಲ. ಕರೆದವರಿಗೆ ಕೈಗಳನ್ನು ತೋರಿಸಿ, ನೋಯುತ್ತವೆ ಎನ್ನುತ್ತಿದ್ದಳು. ಮೊಣಕಾಲು ನೋಯುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು, ಕೈ ನೋಯುತ್ತಿರಲಿಲ್ಲ.

ಆ ಸೋಮವಾರದ ನೀರು ನನ್ನ ಥೀಸಿಸ್ಸಿನಲ್ಲಿದೆ. ಅಲ್ಲಿ ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಕಾಲಿನ ಬಗ್ಗೆ ಒಂದು ವಾಕ್ಯ ಸೇರಿಸಿದ್ದೆ. ಇದು ವೈದ್ಯಕೀಯ, ನಮ್ಮ ವಿಷಯ ನೀರು ಎಂದು ಗೈಡರು ತೆಗೆಸಿದರು. ಪದವಿ ಸಿಕ್ಕಿತು. ಮುಂದೆ ಆ ಬಾವಿಯ ಮೆಟ್ಟಿಲುಗಳಿಗೆ ಗೋಡೆ ಕಟ್ಟಿ ಮೇಲೆ ಕೊಡ ಎಳೆಯಲು ಗಡಗಡಿ ಹಾಕಿದರು, ಯಾರೂ ಇಳಿಯದಂತೆ. ನಾರುಹುಣ್ಣು ಈಗ ನಮ್ಮ ಕಡೆ ಎಲ್ಲಿಯೂ ಇಲ್ಲ.

ಆಯಿ ತೀರಿಕೊಂಡು ಬಹಳ ಕಾಲವಾಯಿತು, ಗೌಡರೂ. ಸೊಸೆಯ ಗಂಡ ಹೋಗಿ ಕೆಲವು ವರ್ಷವಾಯಿತು; ಮೊಮ್ಮಗ ಅಂದು ಬಾವಿಯ ಹತ್ತಿರ ಇರಲಿಲ್ಲ. ಬಾವಿಯ ಕಟ್ಟೆಯ ಮೇಲೆ ನಿಂತಿದ್ದ ಉಳಿದವರ ಬಗ್ಗೆ ನನಗೆ ಖಚಿತವಿಲ್ಲ, ಹಾಗಾಗಿ ಹೇಳುವುದಿಲ್ಲ. ಕೆಳಗೆ ನಡೆದದ್ದನ್ನು ಕಂಡವರಲ್ಲಿ ಬದುಕಿರುವವರೆಂದು ನಾನು ಖಚಿತವಾಗಿ ಬಲ್ಲವರು, ನನ್ನನ್ನು ಬಿಟ್ಟರೆ, ಇಬ್ಬರು. ಚಿಗವ್ವ ಸಿಂದಗಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ. ಹೋದ ಸಲ ಕಂಡಾಗ ನಾನು ಏನೂ ಕೇಳುವ ಮೊದಲೇ, "ಕಾಲ ನೀರಿಗೆ ತಾಕ್ಲಿಲ್ಲೋ ತಮ್ಮಾ, ನಾ ನೋಡೇನಿ," ಎಂದಳು. ಇನ್ನೊಬ್ಬಳು ಅಂದು ಅವಳ ಹೆಗಲ ಮೇಲಿದ್ದ ಕೂಸು. ಮುಖ ಬಾವಿಯ ಕಡೆಗೆ ಇತ್ತು, ಎಚ್ಚರವಾಗಿತ್ತು. ಈಗ ಇಂಡಿಯಲ್ಲಿದ್ದಾಳೆ.